ಸುಲಿತದ ಚಪ್ಪರದಲ್ಲಿ ಎ ಸೈಡ್, ಬಿ ಸೈಡ್

ಮೂರು ವರ್ಷದ ಹಿಂದಿನ ಅಡಿಕೆ ಕೊಯ್ಲಿನ ಸಮಯ. ಹೊಸನಗರದ ಹತ್ತಿರದ ನಮ್ಮ ಮನೆಯ ಅಂಗಳದಲ್ಲಿ ಹನ್ನೊಂದು ಜನ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುತ್ತಿದ್ದರು. ನಾನೂ ಜೊತೆಗೆ ಕೂತಿದ್ದೆ. ಚಪ್ಪರದ ಕಂಬಕ್ಕೆ ಬ್ಲೂಟೂತ್ ಸ್ಪೀಕರ್ ಕಟ್ಟಿ, ಇನ್ನೂರ ಹತ್ತು ಹಾಡಿನ ಒಂದು ಪ್ಲೇಲಿಸ್ಟ್ ಹಾಕಿದ್ದೆ. ಮಳೆಗಾಲವಿಡೀ ಒಂದೊಂದೇ ಹಾಡು ಹುಡುಕಿ ಸೇರಿಸಿದ್ದು ಅದು. ಹಾಡುಗಳು ಕಲಸಿಕೊಂಡು ಬರಲಿ ಅಂತ ಷಫಲ್ ಒತ್ತಿದ್ದೆ. ಒಂದು ಹಾಡಿನ ಕೊನೆಯ ಮೇಲೇ ಇನ್ನೊಂದು ಶುರುವಾಗುವ ಹಾಗೆ ಕ್ರಾಸ್‌ಫೇಡನ್ನು ಎಂಟು ಸೆಕೆಂಡಿಗೆ ಇಟ್ಟಿದ್ದೆ. ರಾತ್ರಿ ಹತ್ತೂವರೆವರೆಗೆ ಎಲ್ಲೂ ಸದ್ದು ನಿಲ್ಲಬಾರದು ಅನ್ನೋದು ನನ್ನ ಆಸೆ.

ಒಂದು ಗಂಟೆ ಯಾರೂ ಏನೂ ಅನ್ನಲಿಲ್ಲ. ಆಮೇಲೆ, ನಮ್ಮಲ್ಲಿಗೆ ಇಪ್ಪತ್ತು ವರ್ಷದಿಂದ ಸುಲಿಯಲು ಬರುವ ಹಿರಿಯ ಹೆಂಗಸೊಬ್ಬರು ಕೈ ನಿಲ್ಲಿಸದೆಯೇ ಹೇಳಿದರು: "ಅಕ್ಕಾ, ಒಂದು ಹಾಡು ಮುಗೀತು ಅಂತ ಗೊತ್ತಾಗೋಕೆ ಮುಂಚೆ ಇನ್ನೊಂದು ಬಂದು ಮೈಮೇಲೆ ಬೀಳ್ತದೆ. ಉಸಿರು ಬಿಡೋಕಾದ್ರೂ ಸ್ವಲ್ಪ ಜಾಗ ಬೇಡ್ವಾ?"

ಸ್ಪೀಕರ್ ಆರಿಸಿದೆ. ಸಿಪ್ಪೆ ಸೀಳುವ ಚರ್ ಚರ್ ಸದ್ದು, ಬುಟ್ಟಿಗೆ ಅಡಿಕೆ ಬೀಳುವ ಸದ್ದು, ಆಚೆ ಹಂಡೆಯಲ್ಲಿ ಅಡಿಕೆ ಬೇಯಿಸುವ ಚೊಗರು ಕುದಿಯುವ ಸದ್ದು. ಎಲ್ಲರಿಗೂ ಹಾಯೆನಿಸಿದ್ದು ಕಾಣುತ್ತಿತ್ತು. ನನಗೆ ಬೇಜಾರಾಯಿತು, ನಿಜ. ಆದರೆ ಆಕೆ ಹೇಳಿದ್ದು ಮನಸ್ಸಿಂದ ಹೋಗಲಿಲ್ಲ. ಯಾಕೆಂದರೆ ಹಾಡು ಜೋಡಿಸುವುದು ನನಗೆ ಹೊಸದಲ್ಲ. ಕಾಲೇಜಿನಲ್ಲಿದ್ದಾಗಲೇ ಇದನ್ನು ಇದಕ್ಕಿಂತ ಚೆನ್ನಾಗಿ ಮಾಡುತ್ತಿದ್ದೆ.

1996ರಲ್ಲಿ ಶಿವಮೊಗ್ಗದಲ್ಲಿ ಓದುತ್ತಿದ್ದೆ. ಆಗ ಊರಲ್ಲಿ ಕ್ಯಾಸೆಟ್ ತುಂಬಿಸಿಕೊಡುವ ಅಂಗಡಿಗಳಿದ್ದವು. ಖಾಲಿ ಕ್ಯಾಸೆಟ್ ಮತ್ತು ಹಾಡಿನ ಪಟ್ಟಿ ಕೊಟ್ಟು ಬರಬೇಕು. ಎರಡು ದಿನ ಬಿಟ್ಟು ಹೋದರೆ ಹಾಡು ತುಂಬಿ ಕೊಡುತ್ತಿದ್ದರು. ನಾನು ಮೊದಲ ಸಲ ಪಟ್ಟಿ ಬರೆದಾಗ ಲೆಕ್ಕ ಹಾಕಿರಲಿಲ್ಲ. ಸಿ-60 ಅಂದರೆ ಅರವತ್ತು ನಿಮಿಷ, ಒಂದು ಬದಿಗೆ ಮೂವತ್ತು. ನಾಲ್ಕೂವರೆ, ಐದು ನಿಮಿಷದ ಹಾಡಾದರೆ ಆರು ಹಿಡಿಯುತ್ತವೆ. ನಾನು ಏಳು ಬರೆದಿದ್ದೆ. ಏಳನೆಯದು ಚರಣದ ಮಧ್ಯೆ ಕಟ್ ಆಗಿತ್ತು. ಅದು ಅಮ್ಮನಿಗೆ ಇಷ್ಟದ ಹಾಡು. ಮನೆಯಲ್ಲಿ ಹಾಕಿದಾಗಲೆಲ್ಲ ಆ ಜಾಗ ಬರುತ್ತಿದ್ದ ಹಾಗೆ ಅಮ್ಮ ಉಳಿದ ಸಾಲನ್ನು ತಾನೇ ಹಾಡಿ ಮುಗಿಸುತ್ತಿದ್ದಳು.

ಅಲ್ಲಿಂದ ನಾನು ನೋಟ್‌ಬುಕ್ಕಿನಲ್ಲಿ ಹಾಡಿನ ಮುಂದೆ ನಿಮಿಷ ಬರೆದುಕೊಳ್ಳತೊಡಗಿದೆ. ಹನ್ನೆರಡೇ ಹಾಡಿಗೆ ಜಾಗ ಇದ್ದಾಗ ಯಾವುದನ್ನು ಬಿಡಬೇಕು ಅನ್ನೋದೇ ದೊಡ್ಡ ಕೆಲಸ. ಎ ಸೈಡ್ ಯಾವುದರಿಂದ ಶುರು, ಕ್ಯಾಸೆಟ್ ಮಗುಚಿದ ಮೇಲೆ ಮೊದಲು ಕೇಳುವುದು ಯಾವುದು ಅಂತ ರಾತ್ರಿ ಕೂತು ಯೋಚಿಸಿದ್ದಿದೆ. ಇನ್ನೂರ ಹತ್ತು ಹಾಡು ಸೇರಿಸಿದಾಗ ನಾನು ಅಷ್ಟು ಯೋಚನೆ ಮಾಡಿರಲಿಲ್ಲ. ಯಾವುದನ್ನೂ ಬಿಡಬೇಕಾಗಿರಲಿಲ್ಲ, ಅಲ್ವಾ.

ಆ ಕೊಯ್ಲು ಮುಗಿದ ಮೇಲೆ ತೀರ್ಥಹಳ್ಳಿಯ ತವರಿಗೆ ಹೋದವಳು ಹಳೆ ಕ್ಯಾಸೆಟ್‌ಗಳ ಬಿಸ್ಕತ್ತಿನ ಡಬ್ಬ ತಂದೆ. ಮೂವತ್ತೆಂಟು ಇದ್ದವು. ಮಲೆನಾಡಿನ ಮಳೆಗಾಲ ಯಾವುದನ್ನೂ ಬಿಡುವುದಿಲ್ಲ. ಕ್ಯಾಸೆಟ್ಟಿನ ಪುಟ್ಟ ಕಿಟಕಿಯಿಂದ ನೋಡಿದರೆ ಟೇಪಿನ ಸುರುಳಿಯ ಅಂಚಿಗೆ ಬಿಳಿ ಬೂಸ್ಟು ಕಾಣುತ್ತಿತ್ತು. ಕೆಲವಕ್ಕೆ ಟೇಪನ್ನು ಪ್ಲೇಯರಿನ ಹೆಡ್ಡಿಗೆ (ಟೇಪಿನಿಂದ ಸದ್ದು ಓದುವ ಭಾಗಕ್ಕೆ) ಒತ್ತುವ ಪುಟ್ಟ ಫೆಲ್ಟ್ ತುಂಡು ಬಿದ್ದುಹೋಗಿತ್ತು. ಬೂಸ್ಟು ಹಿಡಿದದ್ದನ್ನು ಹಾಗೇ ಪ್ಲೇಯರಿಗೆ ಹಾಕಬಾರದು. ಬೂಸ್ಟು ಹೆಡ್ಡಿಗೆ ಅಂಟುತ್ತದೆ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೆ ದಾಟುತ್ತದೆ. ನಾನು ಮೂಗಿಗೆ ಬಟ್ಟೆ ಕಟ್ಟಿ, ಬಿಸಿಲಿಲ್ಲದ ಒಣ ಜಾಗದಲ್ಲಿ ಕೂತು, ಪೆನ್ನು ತೂರಿಸಿ ಸುರುಳಿ ತಿರುಗಿಸುತ್ತಾ ಮೆತ್ತನೆ ಬಟ್ಟೆಯಿಂದ ಟೇಪನ್ನು ಒರೆಸಿದೆ. ಒಂದು ಕ್ಯಾಸೆಟ್ಟಿಗೆ ಮುಕ್ಕಾಲು ಗಂಟೆ ಹಿಡಿಯಿತು. ಪ್ರತಿ ಕ್ಯಾಸೆಟ್ ಆದ ಮೇಲೂ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಹೆಡ್ ಒರೆಸುತ್ತಿದ್ದೆ. ಹತ್ತಿ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಐದನ್ನು ಉಳಿಸಿಕೊಳ್ಳಲು ಆಗಲಿಲ್ಲ.

ಉಳಿದವನ್ನು ಕಂಪ್ಯೂಟರಿಗೆ ಇಳಿಸಿದೆ. ಪ್ಲೇಯರಿನ ಲೈನ್ ಔಟ್‌ನಿಂದ ಲ್ಯಾಪ್‌ಟಾಪಿಗೆ ಒಂದು ವಯರ್, ಆಡಾಸಿಟಿ ಅನ್ನುವ ಪುಕ್ಕಟೆ ಸಾಫ್ಟ್‌ವೇರ್, ಅಷ್ಟೇ. ಸದ್ದು ಒಡೆಯದಿರಲಿ ಅಂತ ಅದರ ಮಟ್ಟ ಅತಿ ಜೋರಿನ ಜಾಗದಲ್ಲೂ ಮೈನಸ್ 6 ಡೆಸಿಬಲ್ ದಾಟದ ಹಾಗೆ ಇಟ್ಟುಕೊಂಡೆ. ವೇವ್ ಫೈಲಾದರೆ ಒಂದು ಗಂಟೆಗೆ 600 ಎಂಬಿಗಿಂತ ಜಾಸ್ತಿ ಜಾಗ ಬೇಕು. ಅದನ್ನು ಹಾಗೇ ಇಟ್ಟು, ಫೋನಿಗೆ ಎಂಪಿ3 ಮಾಡಿಕೊಂಡೆ. ಟೇಪಿನ ಹಿಸ್ ಅನ್ನುವ ಸದ್ದನ್ನು ಸಾಫ್ಟ್‌ವೇರಿನಲ್ಲಿ ಪೂರ್ತಿ ಅಳಿಸಲು ಹೋಗಬೇಡಿ. ಮೊದಲೆರಡು ಕ್ಯಾಸೆಟ್‌ಗೆ ನಾನು ಹಾಗೆ ಮಾಡಿದೆ. ಹಾಡುವವರು ನೀರೊಳಗಿಂದ ಹಾಡಿದ ಹಾಗೆ ಕೇಳಿ, ಮತ್ತೆ ಮೊದಲಿಂದ ಇಳಿಸಬೇಕಾಯಿತು.

ಇಳಿಸುವುದರಲ್ಲಿ ಒಂದು ವಿಷಯ ಇದೆ. ಅರವತ್ತು ನಿಮಿಷದ ಕ್ಯಾಸೆಟ್ ಇಳಿಸಲು ಅರವತ್ತು ನಿಮಿಷವೇ ಬೇಕು. ಓಡಿಸುವ ಹಾಗಿಲ್ಲ. ಬಿಟ್ಟು ಎದ್ದು ಹೋದರೆ ಟೇಪ್ ಸಿಕ್ಕಿಕೊಳ್ಳುವ ಭಯ. ಹಾಗಾಗಿ ಪಕ್ಕದಲ್ಲೇ ಕೂತು ಮೊದಲಿಂದ ಕೊನೆವರೆಗೆ ಕೇಳಿದೆ. ಮೂವತ್ಮೂರು ಕ್ಯಾಸೆಟ್, ಸುಮಾರು ಎರಡು ತಿಂಗಳು, ಮಧ್ಯಾಹ್ನ ಊಟದ ನಂತರ ಒಂದೊಂದು. ಮದುವೆಯಾದ ಮೇಲೆ ನಾನು ಹಾಗೆ ಕೂತು ಕೇಳಿದ್ದು ಅದೇ ಮೊದಲು.

ಅದರಲ್ಲಿ 'ನಿತ್ಯೋತ್ಸವ' ಇತ್ತು. 1978ರಲ್ಲಿ ಬಂದದ್ದು, ನಿಸಾರ್ ಅಹಮದ್ ಅವರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ಸಂಗೀತ. ಕನ್ನಡದಲ್ಲಿ ಭಾವಗೀತೆಯ ಕ್ಯಾಸೆಟ್ ಅನ್ನುವ ದಾರಿ ಶುರುವಾದದ್ದೇ ಅದರಿಂದ. ನಿಸಾರ್ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡಿದವರು, ಹಾಗಾಗಿ ನಮಗೆ ಅವರು ಮನೆಯವರಿದ್ದ ಹಾಗೆ. ಜೋಗದ ಹಾಡು ನನ್ನ ಇನ್ನೂರ ಹತ್ತರ ಪಟ್ಟಿಯಲ್ಲೂ ಇತ್ತು. ಹಿಂದೆ ಮುಂದೆ ಅಬ್ಬರದ ಸಿನಿಮಾ ಹಾಡು. ಅಲ್ಲಿ ಅದು ನವೆಂಬರ್ ಒಂದರ ಮೈಕಿನ ಹಾಡಾಗಿ ಕೇಳುತ್ತಿತ್ತು. ಕ್ಯಾಸೆಟ್ಟಿನಲ್ಲಿ ಅದೇ ಕವಿಯ ಬೇರೆ ಕವಿತೆಗಳ ಜೊತೆ ಕೇಳಿದಾಗ ಒಬ್ಬ ಮನುಷ್ಯ ನಿಂತು ನೋಡಿ ಬರೆದದ್ದು ಅಂತ ಕಿವಿಗೆ ತಾಕಿತು. ನೂರಾರು ಸಲ ಕೇಳಿದ ಹಾಡು, ಆದರೂ ಸುಮ್ನೆ ಕೂತುಬಿಟ್ಟೆ.

ಇನ್ನೊಂದು ಕ್ಯಾಸೆಟ್ಟಿನ ಬಿ ಸೈಡಿನಲ್ಲಿ ಒಂದು ಹಾಡನ್ನು ನಾನು ಹುಡುಗಿಯಾಗಿದ್ದಾಗ ಯಾವತ್ತೂ ಕೇಳಿರಲಿಲ್ಲ. ನಿಧಾನದ್ದು ಅಂತ ಫಾರ್ವರ್ಡ್ ಒತ್ತುತ್ತಿದ್ದೆ. ಮೊದಲ ನಾಲ್ಕು ಸ್ವರ ಬಂದ ಕೂಡಲೇ ಬೆರಳು ಗುಂಡಿಯ ಕಡೆ ಹೋಗುತ್ತಿತ್ತು. ಈಗ ಪೂರ್ತಿ ಕೇಳಬೇಕಾಯಿತು. ತವರು ಬಿಟ್ಟು ಹೊರಟವಳ ಹಾಡು ಅದು. ಹದಿನೆಂಟರಲ್ಲಿ ಅದು ನನಗೆ ಯಾಕೆ ಬೇಕಿತ್ತು? ಈಗ ಬೇಕಿತ್ತು. ನನ್ನ ಇಷ್ಟದ್ದನ್ನು ಮಾತ್ರ ಆರಿಸಿ ಇಟ್ಟುಕೊಂಡಿದ್ದರೆ ಇದು ನನಗೆ ಸಿಗುತ್ತಲೇ ಇರಲಿಲ್ಲ.

ಹಾಗಂತ ಪ್ಲೇಲಿಸ್ಟ್ ಬಿಟ್ಟೆ ಅಂತಲ್ಲ. ಕೈಗೆ ಕೆಲಸ ಇದ್ದಾಗ ಬೇಕಾಗುವ ಹಾಡೇ ಬೇರೆ. ಆದರೆ ಜೋಡಿಸುವ ರೀತಿ ಬದಲಾಯಿತು.

ಈಗ ನಾನು ಸುಲಿತಕ್ಕೆ ಮಾಡುವ ಪಟ್ಟಿ ಯಾವುದೂ ಅರ್ಧ ಗಂಟೆ ದಾಟುವುದಿಲ್ಲ. 'ಎ1', 'ಬಿ1', 'ಎ2' ಅಂತ ಹೆಸರು. ಆರು ಹಾಡು, ಆಮೇಲೆ ಐದು ಹತ್ತು ನಿಮಿಷ ಏನೂ ಇಲ್ಲ. ಆ ಹೊತ್ತಿನಲ್ಲಿ ಊರಿನ ಸುದ್ದಿ ಬರುತ್ತದೆ, ಯಾರಾದರೂ ತಾವೇ ಹಾಡುತ್ತಾರೆ. ಕ್ರಾಸ್‌ಫೇಡ್ ಸೊನ್ನೆ. ಷಫಲ್ ಇಲ್ಲ.

ಸಂಜೆ ಏಳು ಗಂಟೆಗೆ ಕೂತಾಗ ಯಾರ ಕಿವಿಯೂ ಹಾಡಿನ ಕಡೆ ಇರುವುದಿಲ್ಲ. ಜಾಗ ಹಿಡಿಯೋದು, ಕತ್ತಿ ನೋಡಿಕೊಳ್ಳೋದು, ಬುಟ್ಟಿ ಎಳೆದುಕೊಳ್ಳೋದು. ಆಗ ಎಲ್ಲರಿಗೂ ಬಾಯಿಗೆ ಬರುವ ಹಳೆ ಸಿನಿಮಾ ಹಾಡು ಸಾಕು. ಒಳ್ಳೆಯದನ್ನು ಅಲ್ಲಿ ಖರ್ಚು ಮಾಡಬಾರದು. ಎಂಟರ ಹೊತ್ತಿಗೆ ಕೈ ಹದಕ್ಕೆ ಬರುತ್ತದೆ. ಆಗ ಜನಪದ, ತತ್ವಪದ. ತಾಳದ ಬಗ್ಗೆ ಮಾತ್ರ ಎಚ್ಚರ ಇರಬೇಕು. ತಾಳ ಜೋರಾದರೆ ಕೈ ಅದರ ಹಿಂದೆ ಓಡುತ್ತದೆ. ಒಂದು ಸಲ ಡೊಳ್ಳಿನ ಹಾಡು ಹಾಕಿದಾಗ ಹೊಸದಾಗಿ ಬಂದ ಹುಡುಗನೊಬ್ಬ ಹೆಬ್ಬೆರಳು ಕೊಯ್ದುಕೊಂಡ. ಅವತ್ತಿಂದ ಡೊಳ್ಳು ಪಟ್ಟಿಯಲ್ಲಿ ಇಲ್ಲ.

ದನಿಗಳ ನಡುವೆ ಹೊಂದಿಕೆ ನೋಡೋದು ಕಷ್ಟದ ಕೆಲಸ. ಶಿವಮೊಗ್ಗ ಸುಬ್ಬಣ್ಣನವರು ನಮ್ಮ ತಾಲ್ಲೂಕಿನ ನಗರ ಅನ್ನುವ ಊರಲ್ಲಿ ಹುಟ್ಟಿದವರು. ಅವರ ಹಾಡು ಬಂದರೆ ಚಪ್ಪರದಲ್ಲಿ ಎಲ್ಲರೂ ಒಂದು ಸಲ ತಲೆ ಎತ್ತುತ್ತಾರೆ. ಅಷ್ಟು ತೆರೆದ ಗಂಟಲು. ಅದರ ಬೆನ್ನಿಗೇ ಮೆಲುದನಿಯ ಹಾಡು ಹಾಕಿದರೆ ಪಾಪ, ಅದು ಯಾರಿಗೂ ಕೇಳುವುದಿಲ್ಲ. ಹಾಗಾಗಿ ಅವರದು ಯಾವಾಗಲೂ ಸೈಡಿನ ಕೊನೆಗೆ. ಆಮೇಲಿನ ಮೌನದಲ್ಲೂ ಆ ದನಿ ಇನ್ನೂ ಇದ್ದ ಹಾಗಿರುತ್ತದೆ. ಬೇರೆ ಬೇರೆ ಕ್ಯಾಸೆಟ್ಟಿಂದ ಬಂದ ಹಾಡುಗಳ ಸದ್ದು ಒಂದೇ ಮಟ್ಟದಲ್ಲಿ ಇರುವುದಿಲ್ಲ, ಅದನ್ನು ಆಡಾಸಿಟಿಯಲ್ಲೇ ಸರಿಮಾಡಿಕೊಳ್ಳುತ್ತೇನೆ. ಹೆಡ್‌ಫೋನಿನಲ್ಲಿ ಕೇಳಿ ಸರಿ ಅಂದುಕೊಂಡರೆ ಸಾಲದು. ಕಂಬದ ಮೇಲಿನ ಸ್ಪೀಕರಿನಲ್ಲಿ, ಹಂಡೆ ಕುದಿಯುವಾಗ ಕೇಳಿ ನೋಡಬೇಕು.

ಇಲ್ಲಿ ನೆಟ್ ನಂಬುವ ಹಾಗಿಲ್ಲ. ಸ್ಪಾಟಿಫೈನಿಂದ ಇಳಿಸಿಕೊಂಡ ಹಾಡು ಉಳಿಯಬೇಕಾದರೂ 30 ದಿನಕ್ಕೊಮ್ಮೆಯಾದರೂ ಫೋನ್ ನೆಟ್ಟಿಗೆ ಸೇರಬೇಕು. ನನ್ನದೇ ಫೈಲುಗಳಿಗೆ ಆ ಕಾಟ ಇಲ್ಲ. ಅಂದಹಾಗೆ, ಅದೇ ಸ್ಪಾಟಿಫೈನಲ್ಲಿ ಮೊದಲು ಆಲ್ಬಂ ಪುಟದ ದೊಡ್ಡ ಗುಂಡಿ ಒತ್ತಿದರೆ ಹಾಡುಗಳು ಕಲಸಿಕೊಂಡು ಬರುತ್ತಿದ್ದವು. 2021ರ ನವೆಂಬರಿನಲ್ಲಿ ಗಾಯಕಿ ಅಡೆಲ್ ಕೇಳಿಕೊಂಡ ಮೇಲೆ ಅದನ್ನು ತೆಗೆದರು. ಹಾಡಿದವರು ಯೋಚನೆ ಮಾಡಿಯೇ ಒಂದರ ನಂತರ ಒಂದು ಇಟ್ಟಿರುತ್ತಾರೆ. ಆ ಸುದ್ದಿ ಓದಿದಾಗ ನನಗೆ ಬಹಳ ಖುಷಿಯಾಯಿತು.

ಒಂಬತ್ತೂವರೆ ಆದ ಮೇಲೆ ಕಣ್ಣು ಎಳೆಯುತ್ತದೆ. ಮೊದಲು ನಾನು ಆಗ ಜೋರು ಹಾಡು ಹಾಕುತ್ತಿದ್ದೆ. ಅದು ತಪ್ಪು. ಹಾಡು ಎಷ್ಟೇ ಜೋರಿದ್ದರೂ ಹತ್ತು ನಿಮಿಷಕ್ಕೆ ಕಿವಿ ಅದಕ್ಕೆ ಹೊಂದಿಕೊಂಡು ಮತ್ತೆ ತೂಕಡಿಕೆ ಬರುತ್ತದೆ. ನಿದ್ದೆ ತಡೆಯೋದು ಮಾತು. ಮುಂದೇನಾಯಿತು ಅನ್ನುವ ಕುತೂಹಲ. ಅದಕ್ಕೇ ಆ ಹೊತ್ತಿಗೆ ಅಪ್ಪನ ಯಕ್ಷಗಾನದ ಕ್ಯಾಸೆಟ್. ಕಾಳಿಂಗ ನಾವಡರ ಭಾಗವತಿಕೆ, ಅಂದರೆ ಹಾಡುಗಾರಿಕೆ. 1990ರಲ್ಲಿ ಅವರು ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೊಂದು. ಅಪ್ಪ ಅವತ್ತು ಊಟ ಮಾಡಲಿಲ್ಲ ಅಂತ ಅಮ್ಮ ಈಗಲೂ ಹೇಳುತ್ತಾಳೆ. ಪ್ರಸಂಗದಲ್ಲಿ ನನ್ನ ಆಯ್ಕೆ ನಡೆಯುವುದಿಲ್ಲ. ಒಂದು ಪದ್ಯ ಎತ್ತಿ ಪಟ್ಟಿಗೆ ಹಾಕಬಹುದು, ಆದರೆ ಅದರ ಹಿಂದಿನ ಅರ್ಥಗಾರಿಕೆ, ಅಂದರೆ ಪಾತ್ರಧಾರಿಗಳ ಮಾತು ಇಲ್ಲದೆ ಆ ಪದ್ಯಕ್ಕೆ ಅಷ್ಟು ಬಲ ಬರುವುದಿಲ್ಲ. ಮೊದಲಿಂದ ಕೊನೆವರೆಗೆ ಹೋಗಬೇಕು. ಹಾಗಾಗಿ ನಮ್ಮ ಚಪ್ಪರದಲ್ಲಿ ಸಂಜೆ ನಾನು ಜೋಡಿಸಿದ್ದು, ರಾತ್ರಿ ಯಕ್ಷಗಾನದವರು ಕಟ್ಟಿದ್ದು.

ಈಗ ಅರ್ಧ ಬೆಳೆಗೆ ಮೆಷಿನ್ ಬಂದಿದೆ. ಅದು ಓಡುವಾಗ ಯಾವ ಹಾಡೂ ಕೇಳುವುದಿಲ್ಲ. ಉಳಿದರ್ಧಕ್ಕೆ ಇನ್ನೂ ಜನ ಬರುತ್ತಾರೆ. ಹೋದ ವರ್ಷ ಆರೇ ಜನ.

ಕ್ಯಾಸೆಟ್ ಇಳಿಸುವಾಗ ಸೈಡ್ ಮುಗಿದು ಪ್ಲೇಯರ್ ನಿಂತದ್ದರ ಒಂದು ಸಣ್ಣ 'ಟಪ್' ಪ್ರತಿ ಫೈಲಿನ ಕೊನೆಗೆ ಸೇರಿಕೊಂಡಿದೆ. ಕತ್ತರಿಸಲು ಮನಸ್ಸಾಗದೆ ಹಾಗೇ ಬಿಟ್ಟಿದ್ದೆ. ಹೋದ ಡಿಸೆಂಬರಿನಲ್ಲಿ ಪ್ರಸಂಗ ಅರ್ಧಕ್ಕೆ ಬಂದು ಕಂಬದ ಮೇಲಿಂದ ಆ 'ಟಪ್' ಕೇಳಿತು. ಉಸಿರಿಗೆ ಜಾಗ ಕೇಳಿದ್ದ ಅದೇ ಹಿರಿಯರು, ಕೈಯಲ್ಲಿದ್ದ ಅಡಿಕೆಯಿಂದ ಕಣ್ಣು ತೆಗೆಯದೆ, "ಮಗುಚಿ ಹಾಕಿ ಅಕ್ಕಾ" ಅಂದರು.