ಸಿಗಡಿ ಕೆರೆಗೆ ಪ್ರಿಬಯೋಟಿಕ್ ಹಾಕಿ ನೋಡಿದ್ದು, ನನ್ನ ಅನುಭವ

ನಮ್ದು ಕುಮಟಾ ಕಡೆ, ಅಘನಾಶಿನಿ ಹೊಳೆ ಹತ್ರದ ಗಜನಿ (ಉಪ್ಪುನೀರು ಬರೋ ತಗ್ಗು ಗದ್ದೆ) ಜಾಗ, ಎರಡು ಕೆರೆ ಇದೆ, ವನಾಮಿ ಅನ್ನೋ ಜಾತಿ ಸಿಗಡಿ ಹಾಕ್ತೀನಿ. ಹೋದ ಬೆಳೆಲಿ ಮರಿ ಬಿಟ್ಟ 50ನೇ ದಿನದ ಹೊತ್ತಿಗೆ ನೀರ ಮೇಲೆ ಬಿಳಿ ದಾರದ ಹಾಗೆ ಹಿಕ್ಕೆ ತೇಲೋಕೆ ಶುರುವಾಯ್ತು, ಚೆಕ್ ಟ್ರೇಲಿ (ಎಷ್ಟು ತಿಂದ್ವು ಅಂತ ನೋಡೋಕೆ ಕೆರೆಗೆ ಇಳಿಬಿಡೋ ತಟ್ಟೆ) ಫೀಡ್ ಹಾಗೇ ಉಳೀತಿತ್ತು, ಗಾಬರಿಲಿ ಅಂಗಡಿಲಿ ಕೊಟ್ಟಿದ್ದೆಲ್ಲ ತಂದು ಸುರಿದೆ, ಏನೂ ಆಗ್ಲಿಲ್ಲ, ಸಣ್ಣ ಸೈಜಲ್ಲೇ ಹಿಡಿದು ಮಾರ್ದೆ. ತುಂಬಾ ಬೇಜಾರಾಗಿತ್ತು.

ಈ ಸಲ ರೋಗ ಬರೋಕೆ ಮುಂಚೆನೇ, 20ನೇ ದಿನದಿಂದ ಒಂದು ಕೆರೆಗೆ ಮಾತ್ರ ಪ್ರಿಬಯೋಟಿಕ್ ಕೊಟ್ಟೆ. ಇನ್ನೊಂದಕ್ಕೆ ಬರೀ ಫೀಡ್. ಮರಿ ಎರಡಕ್ಕೂ ಒಂದೇ ಹ್ಯಾಚರಿದು, ಒಂದೇ ದಿನ ಬಿಟ್ಟಿದ್ದು, ಇಲ್ಲಾಂದ್ರೆ ಯಾವುದರಿಂದ ಏನಾಯ್ತು ಅಂತ ಗೊತ್ತೇ ಆಗಲ್ಲ.

ಪ್ರೊಬಯೋಟಿಕ್ ಬೇರೆ, ಇದು ಬೇರೆ. ಅದು ಜೀವ ಇರೋ ಒಳ್ಳೆ ಬ್ಯಾಕ್ಟೀರಿಯಾ, ಇದು ಕರುಳಲ್ಲಿರೋ ಆ ಬ್ಯಾಕ್ಟೀರಿಯಾಕ್ಕೆ ಊಟ. ನಾನು ತಗೊಂಡಿದ್ದು ಯೀಸ್ಟ್ ಇಂದ ಮಾಡಿದ ಪುಡಿ, ಎಂಒಎಸ್ ಮತ್ತೆ ಬೀಟಾ ಗ್ಲೂಕನ್ ಇರೋದು, ಎರಡೂ ಯೀಸ್ಟ್ ಕೋಶದ ಗೋಡೆಲಿರೋ ಸಕ್ಕರೆ ಜಾತಿಯ ವಸ್ತುಗಳು. ಎಂಒಎಸ್ ಗೆ ಕೆಲವು ಕೆಟ್ಟ ಬ್ಯಾಕ್ಟೀರಿಯಾ ಅಂಟ್ಕೊಂಡು ಕರುಳಿಗೆ ಹತ್ತದೆ ಹಿಕ್ಕೆ ಜೊತೆ ಹೊರಗೆ ಹೋಗ್ತವೆ. ಸಿಗಡಿಗೆ ನಮ್ಮ ಹಾಗೆ ಆಂಟಿಬಾಡಿ ಇಲ್ಲ, ಅದಕ್ಕೆ ಇರೋ ಅಷ್ಟು ರಕ್ಷಣೆನ ಎಚ್ಚರ ಇಡೋದು ಬೀಟಾ ಗ್ಲೂಕನ್.

ಕೇಜಿ ಫೀಡಿಗೆ 3 ಗ್ರಾಂ. ಮೊದಲನೇ ವಾರ ಪುಡಿನ ಹಾಗೇ ಕಲಸಿ ಹಾಕ್ದೆ, ನೀರಿಗೆ ಬಿದ್ದ ಕೂಡ್ಲೇ ತೊಳ್ಕೊಂಡು ಹೋಯ್ತು, ದುಡ್ಡು ದಂಡ. ಆಮೇಲೆ ಸ್ವಲ್ಪ ನೀರಲ್ಲಿ ಬೈಂಡರ್ (ಪುಡಿ ಫೀಡಿಗೆ ಅಂಟೋ ಹಾಗೆ ಮಾಡೋ ಅಂಟು) ಜೊತೆ ಕದಡಿ, ಫೀಡ್ ಮೇಲೆ ಚಿಮುಕಿಸಿ, ನೆರಳಲ್ಲಿ ಅರ್ಧ ಗಂಟೆ ಹರವಿ ಒಣಗಿಸಿ ಕೊಟ್ಟೆ. ದಿನದ ನಾಲ್ಕು ಹೊತ್ತಲ್ಲಿ ಎರಡು ಹೊತ್ತು ಮಾತ್ರ, ಹತ್ತು ದಿನ ಕೊಟ್ಟು ಹತ್ತು ದಿನ ಬಿಟ್ಟೆ, ಬೀಟಾ ಗ್ಲೂಕನ್ ಬಿಡದೆ ಕೊಟ್ರೆ ಅದರ ಪರಿಣಾಮ ಇಳಿಯುತ್ತೆ ಅಂತಾರೆ.

ಪುಡಿ ಕೊಟ್ಟ ಕೆರೇಲಿ ಕರುಳು ಉದ್ದಕ್ಕೂ ತುಂಬಿರ್ತಿತ್ತು, ಟ್ರೇ ಬೇಗ ಖಾಲಿ ಆಗ್ತಿತ್ತು, ಸೈಜ್ ಹೆಚ್ಚುಕಮ್ಮಿ ಒಂದೇ ಸಮ. ಇನ್ನೊಂದ್ರಲ್ಲಿ ಬಿಳಿ ದಾರ ಮತ್ತೆ ಕಾಣಿಸ್ತು. ಆದ್ರೆ ಉಳಿದ ಸಿಗಡಿ ಲೆಕ್ಕದಲ್ಲಿ ಭಾರೀ ವ್ಯತ್ಯಾಸ ಏನಿಲ್ಲ, ಒಂದು ಮಳೆ ರಾತ್ರಿ ಆಕ್ಸಿಜನ್ ಇಳಿದಾಗ ಪುಡಿ ತಿಂದ ಸಿಗಡಿನೂ ಮೇಲೆ ಬಂದು ಒದ್ದಾಡಿದ್ವು, ಏರೇಟರ್ ಹಾಕಿದ್ಮೇಲೇ ಸುಧಾರಿಸಿದ್ದು. ಇಎಚ್‌ಪಿ (ಸಿಗಡಿ ಬೆಳವಣಿಗೆ ಕುಂಠಿತ ಮಾಡೋ ಒಂದು ಪರಾವಲಂಬಿ ರೋಗ) ಬಂದಿದ್ರೆ ಈ ಪುಡಿಯಿಂದ ವಾಸಿ ಆಗಲ್ಲ, ದಯವಿಟ್ಟು ಆ ನಂಬಿಕೆಲಿ ದುಡ್ಡು ಹಾಕ್ಬೇಡಿ, ಅದಕ್ಕೆ ಮರಿ ತರೋಕೆ ಮುಂಚೆನೇ ಪಿಸಿಆರ್ (ರೋಗಾಣು ಇದೆಯಾ ಅಂತ ನೋಡೋ ಲ್ಯಾಬ್ ಪರೀಕ್ಷೆ) ಮಾಡಿಸ್ಬೇಕು. ಮುಂದಿನ ಬೆಳೆಗೆ ಎರಡೂ ಕೆರೆಗೆ ಕೊಡ್ತೀನಿ, ಒಂದಕ್ಕೆ 3 ಗ್ರಾಂ, ಇನ್ನೊಂದಕ್ಕೆ 2.