ಬೈಪಾಸ್ ಮಾಡದೇ ನಿಂತ ಆರ್‌ಸಿಸಿಬಿ: ರಾಯಚೂರಿನ ನಮ್ಮ ಮನೆ ವೈರಿಂಗ್

ಮೇ ತಿಂಗಳು ದಾಟಿತು. ಕರೆಂಟು ಸೋರಿದ ಕೂಡಲೇ ತಾನೇ ಬಿದ್ದು, ಅಂದರೆ ಆಫ್ ಆಗಿ, ಸಪ್ಲೈ ಕಡಿಯುವ ನಮ್ಮ ಮನೆಯ ಆರ್‌ಸಿಸಿಬಿ ಸುಮ್‌ಸುಮ್ನೆ ಬೀಳಲಿಲ್ಲ. ಇಷ್ಟಾದ ಮೇಲೆ ಬರೆಯಲು ಧೈರ್ಯ ಬಂತು. ಇದನ್ನೇ ನೋಡಿ "ಮೂರು ದಿನ ಇಟ್ಕೊಂಡು ನೀವೇ ಕಿತ್ತು ಒಗೀತೀರಿ, ಬಿಡ್ರಿ" ಅಂದವರು ಒಬ್ಬಿಬ್ಬರಲ್ಲ. ನಮ್ಮಣ್ಣನಂತೂ "ತಮ್ಮಾ, ಸುಮ್ನ ಅದನ್ನ ಬಿಟ್ಟು ನೇರ ವೈರ್ ಕೊಟ್ಟು ಬೈಪಾಸ್ ಮಾಡು, ತಲಿನೋವು ಯಾಕ?" ಅಂತ ದಿನಾ ಫೋನ್ ಮಾಡುತ್ತಿದ್ದ.

ನಾನು ಅಕ್ಕಿ ಗಿರಣಿಯಲ್ಲಿ ಮೋಟರು, ಪ್ಯಾನೆಲ್ಲು ನೋಡಿಕೊಳ್ಳುವವನು. ಮನೆ 30×40 ಸೈಟಿನಲ್ಲಿ. ವೈರಿಂಗ್ ಕೂಲಿಯೇ 42 ಸಾವಿರ ಅಂದರು, ಸಾಮಾನು ಬೇರೆ. ನಾನೇ ಮಾಡ್ತೀನಿ ಅಂತ ಇಳಿದೆ. ಆದರೆ ಕೈಕೆಲಸ ಬಂದ ಮಾತ್ರಕ್ಕೆ ಮೀಟರ್ ಬರಲ್ಲ ಅಲ್ವಾ? ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ನಿಯಮದ ಪ್ರಕಾರ ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಕೈಕೆಳಗೇ ಕೆಲಸ ಆಗಬೇಕು. ಮೊದಲು ಸಿಕ್ಕವನು ಮೂರು ಸಾವಿರ ಕೊಟ್ಟರೆ ಮನೆ ನೋಡದೇ ಸಹಿ ಹಾಕುತ್ತೇನೆ ಅಂದ. ಅಂಥವನ ಸಹಿ ತಗೊಂಡು ಏನು ಮಾಡಲಿ? ಎರಡನೆಯವರು ವಯಸ್ಸಾದವರು, ಏಳು ಸಾವಿರ ಕೇಳಿದರು. "ಪೈಪ್ ಮುಚ್ಚೋಕಿಂತ ಮೊದಲು ಒಮ್ಮೆ, ವೈರ್ ಎಳೆದ ಮೇಲೆ ಒಮ್ಮೆ, ಕೊನೀಗೆ ವೈರಿನ ಇನ್ಸುಲೇಷನ್ ಅಳಿಯೋ ಮೆಗ್ಗರ್ ಹಿಡಕೊಂಡು ಒಮ್ಮೆ ಬರ್ತೀನಿ. ಕೀಳು ಅಂದಿದ್ದು ಕೀಳಬೇಕು." ಒಪ್ಪಿದೆ. ಗೀಸರಿಗೆ ನಾನು ಎಳೆದಿದ್ದ 2.5 ಚದರ ಮಿ.ಮೀ. ವೈರ್ ಕೀಳಿಸಿ, ಅದಕ್ಕಿಂತ ದಪ್ಪನೆಯ 4ರದು ಹಾಕಿಸಿದರು. ಆ ಹೊತ್ತಿಗೆ ಸಿಟ್ಟು ಬಂದಿತ್ತು.

ಗೋಡೆ ಬೂದಿ ಇಟ್ಟಿಗೆಯದು. ಕಟ್ಟರ್ ಹಿಡಿದರೆ ಬೆಣ್ಣೆ ಕೊಯ್ದ ಹಾಗೆ ಹೋಗುತ್ತದೆ, ಆದರೆ ಅಂಚು ಉದುರುತ್ತದೆ. ಮೊದಲ ಎರಡು ಗೋಡೆ ಕೊರೆದಾಗ ಗಾರೆಯವನು ಬೈದದ್ದನ್ನು ಇಲ್ಲಿ ಬರೆಯಲಾಗದು.

ತಾಪತ್ರಯ ಶುರುವಾದದ್ದು ಅರ್ತಿಂಗಿನಿಂದ, ಅಂದರೆ ಸೋರಿದ ಕರೆಂಟನ್ನು ಮಣ್ಣಿಗಿಳಿಸುವ ಗುಂಡಿಯಿಂದ. ನಾಲ್ಕಡಿ ಅಗೆದರೆ ಬಂಡೆ. ಅಲ್ಲೇ ಪೈಪ್ ನಿಲ್ಲಿಸಿ, ಇದ್ದಿಲು ಉಪ್ಪು ತುಂಬಿ, ಗಿರಣಿಯ ಅರ್ತ್ ಟೆಸ್ಟರ್ ತಂದು ನೋಡಿದರೆ 20 ಓಮ್ ಹತ್ತಿರ; ಇದು ಕಡಿಮೆ ಇದ್ದಷ್ಟೂ ಒಳ್ಳೆಯದು. ಲೆಕ್ಕ ಹಾಕಿ ನೋಡಿ: 230 ವೋಲ್ಟು, 20 ಓಮ್, ಹನ್ನೊಂದೂವರೆ ಆಂಪಿಯರ್. ಫೇಸ್ (ಕರೆಂಟು ಬರುವ ವೈರು) ತಗಡಿಗೆ ತಾಗಿದರೂ, ಮಿತಿ ಮೀರಿದ ಕರೆಂಟಿಗೆ ಬೀಳುವ 16 ಆಂಪಿಯರಿನ ಎಂಸಿಬಿ ಅಲ್ಲಾಡುವುದೇ ಇಲ್ಲ, ಕೂಲರಿನ ತಗಡಿನಲ್ಲಿ ಕರೆಂಟು ಆರಾಮಾಗಿ ಕೂತಿರುತ್ತದೆ. "ಅರ್ತ್ ಸರಿಯಿಲ್ಲದ ಮನೆಗೆ ಆರ್‌ಸಿಸಿಬಿ ಯಾಕೆ?" ಅಂತ ಕೇಳುವವರು ಇಲ್ಲೇ ಎಡವುವುದು. ಅರ್ತ್ ಸರಿಯಿಲ್ಲದ ಮನೆಗೇ ಅದು ಜಾಸ್ತಿ ಬೇಕು. 30 ಮಿಲಿಆಂಪಿಯರ್ ಸೋರಿದರೂ ಬೀಳುತ್ತದೆ.

ನಡುವೆ ಒಂದು ಹುಚ್ಚಾಟವೂ ಆಯಿತು. ಶಕ್ತಿನಗರದ ಹಾರುಬೂದಿ ನಮ್ಮ ಕಡೆ ಬೇಕಾದಷ್ಟು ಸಿಗುತ್ತದಲ್ಲ, ಇದ್ದಿಲಿನ ಬದಲು ಅದನ್ನೇ ತುಂಬಿ ನೋಡೋಣ ಅಂತ ಇನ್ನೊಂದು ಗುಂಡಿ ತೋಡಿದೆ. ಓಮ್ ಅರವತ್ತು ದಾಟಿತು. ಎಲ್ಲಾ ಕೆದರಿ ತೆಗೆದೆ. ಆಮೇಲೆ ಮಾನ್ವಿ ಕಡೆಯ ನಮ್ಮ ಹೊಲದಿಂದ ಆರು ಚೀಲ ಎರೆಮಣ್ಣು ತರಿಸಿದೆ. ಹತ್ತಡಿ ಅಂತರದಲ್ಲಿ ಎರಡು ಗುಂಡಿ, ಎರಡನ್ನೂ ಪಟ್ಟಿಯಿಂದ ಜೋಡಿಸಿದೆ. ಎರೆಮಣ್ಣು ಹಸಿ ಬಿಡುವುದಿಲ್ಲ. ಅದಕ್ಕೆ ಏನು, ಎಷ್ಟು ಬೆರೆಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಮೇ ತಿಂಗಳ ಬಿಸಿಲಲ್ಲಿ, ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿ ಅಳೆದಾಗ ನಾಲ್ಕೂವರೆ ಐದು ಓಮ್ ನಡುವೆ ಇತ್ತು.

ಇನ್ನು ಆರ್‌ಸಿಸಿಬಿ. ಎರಡು ಹಾಕಿದ್ದೆ: ಒಂದು ಲೈಟು ಫ್ಯಾನಿಗೆ, ಒಂದು ಪವರ್ ಪಾಯಿಂಟಿಗೆ. ತಲಾ ಎರಡು ಸಾವಿರದ ಚಿಲ್ಲರೆ. ಆನ್ ಮಾಡಿದ ದಿನವೇ ಎರಡೂ ಬಿದ್ದವು. ತಪ್ಪು ನನ್ನದೇ. ಕರೆಂಟು ವಾಪಸ್ ಹೋಗುವ ನ್ಯೂಟ್ರಲ್ ವೈರುಗಳನ್ನೆಲ್ಲಾ ತಂದು ಒಂದೇ ಲಿಂಕಿಗೆ (ಜೋಡಣೆ ಪಟ್ಟಿಗೆ) ಸೇರಿಸಿದ್ದೆ, ರೂಢಿ. ಒಂದರಿಂದ ಹೋದ ಕರೆಂಟು ಇನ್ನೊಂದರಿಂದ ವಾಪಸ್ ಬಂದರೆ ಅದು ಸೋರಿಕೆ ಅಂತಲೇ ತಿಳಿಯುತ್ತದೆ. ಎರಡು ಲಿಂಕ್ ಮಾಡಿ ಬೇರೆ ಮಾಡಿದೆ. ಆಗಲೂ ಇನ್ವರ್ಟರ್ ಜೋಡಿಸಿದ ಕೂಡಲೇ ಬಿತ್ತು: ಅದರ ಫೇಸ್ ಪವರ್ ಕಡೆಯಿಂದ, ನ್ಯೂಟ್ರಲ್ ಲೈಟಿನ ಕಡೆ. ಅದನ್ನೂ ಒಂದೇ ಕಡೆಗೆ ತಂದೆ.

ಮೂರನೆಯದು ನಿದ್ದೆ ಕೆಡಿಸಿತು. ಖಾಲಿ ಇದ್ದಾಗ ಬೀಳುತ್ತಿರಲಿಲ್ಲ. ಮಿಕ್ಸಿ ಹಾಕಿದರೆ ಬೀಳುತ್ತಿತ್ತು, ಇಸ್ತ್ರಿಪೆಟ್ಟಿಗೆ ಹಾಕಿದರೂ ಬೀಳುತ್ತಿತ್ತು. ಮಿಕ್ಸಿ ಕೆಟ್ಟಿದೆ ಅಂತ ರಿಪೇರಿಗೆ ಕೊಟ್ಟು 350 ರೂಪಾಯಿ ಕಳೆದೆ. ಆಮೇಲೆ ಮೆಗ್ಗರ್ ಹಿಡಿದೆ. ಬಲ್ಬ್ ಬಿಚ್ಚದೆ ಫೇಸ್ ನ್ಯೂಟ್ರಲ್ ನಡುವೆ 500 ವೋಲ್ಟ್ ಬಿಟ್ಟು ಮೂರು ಎಲ್‌ಇಡಿ ಬಲ್ಬು, ಒಂದು ರೆಗ್ಯುಲೇಟರ್ ಕೊಂದೆ. ಆ ತಪ್ಪು ನೀವು ಮಾಡಬೇಡಿ. ಲಿಂಕಿನಿಂದ ನ್ಯೂಟ್ರಲ್ ಒಂದೊಂದೇ ಬಿಚ್ಚಿ ಅರ್ತಿಗೆ ನೋಡುತ್ತಾ ಬಂದೆ. ಒಂದು ಮೆಗಾಓಮ್ ಇದ್ದರೆ ಪಾಸು. ಎಲ್ಲವೂ ನೂರರ ಮೇಲೆ ತೋರಿಸುತ್ತಿದ್ದವು. ಅಡುಗೆಮನೆಯದಕ್ಕೆ ಬಂದಾಗ ಮುಳ್ಳು ಸೊನ್ನೆಗೆ ಬಿತ್ತು. ಪ್ಲೇಟ್ ಬಿಚ್ಚಿ ಟಾರ್ಚ್ ಹಾಕಿದೆ. ಅರ್ತಿಗೆ ಸೇರಿದ ತಗಡಿನ ಬಾಕ್ಸಿನ ಮೂಲೆಯಲ್ಲಿ ಉದ್ದದ ಸ್ಕ್ರೂ ಒಂದು ಕಪ್ಪು ನ್ಯೂಟ್ರಲ್ ವೈರಿನೊಳಗೆ ಹೊಕ್ಕಿತ್ತು. ಸಾಸಿವೆ ಕಾಳಿನಷ್ಟು ತೂತು, ಒಳಗೆ ತಾಮ್ರ ಮಿಂಚುತ್ತಿತ್ತು. ಆ ಸ್ಕ್ರೂ ಹಾಕಿದವನೂ ನಾನೇ. ನ್ಯೂಟ್ರಲ್ ಅರ್ತಿಗೆ ತಾಗಿದ್ದರೆ ಲೋಡ್ ಇಲ್ಲದಾಗ ಗೊತ್ತೇ ಆಗದು. ಇದಕ್ಕೇ ಜನ ಬೈಪಾಸ್ ಮಾಡೋದು.

ಕಾಂಟ್ರಾಕ್ಟರ್ ಬಂದು ಟೆಸ್ಟ್ ಬಟನ್ ಒತ್ತಿದರು, ಟಪ್ ಅಂತ ಬಿತ್ತು. ಮೀಸೆಯಲ್ಲೇ ನಕ್ಕು ಸಹಿ ಹಾಕಿದರು. ನೆನಪಿನ ಲೆಕ್ಕ: ಸಾಮಾನು 60 ಸಾವಿರದ ಸುತ್ತಮುತ್ತ. ಕೂಲಿ ಉಳಿದದ್ದರಲ್ಲಿ ಅವರ ಏಳು, ನನ್ನ ತಪ್ಪುಗಳಿಗೆ ಐದಾರು, ಹನ್ನೊಂದು ದಿನ ರಜೆಯ ಸಂಬಳ ಕಳೆದರೆ 20 ಸಾವಿರದ ಹತ್ತಿರ ಕೈಯಲ್ಲಿ ನಿಂತಿತು.

ಏಪ್ರಿಲಿನಲ್ಲಿ ಒಂದು ಮಧ್ಯಾಹ್ನ ಪವರ್ ಕಡೆಯದು ಬಿತ್ತು. ಮತ್ತೆ ಎಲ್ಲೋ ನ್ಯೂಟ್ರಲ್ ಅಂತ ಎದೆ ಧಸಕ್ ಅಂತು. ಕೂಲರ್ ಪ್ಲಗ್ ಕಿತ್ತ ಮೇಲೆ ಬೀಳದೆ ನಿಂತಿತು. ಬಗ್ಗಿ ನೋಡಿದರೆ ನೀರಿನ ಪಂಪಿನ ವೈರ್ ಸೀಳಿತ್ತು. ಹಳೇ ಮನೆಯಿಂದ ತಂದ ಕೂಲರ್ ಅದು. ಅಲ್ಲಿ ಅದನ್ನು ಮುಟ್ಟಿದರೆ ಝುಮ್ ಅನ್ನುತ್ತದೆ ಅಂತ ಅವ್ವ ಕಟ್ಟಿಗೆ ಮಣೆ ಮೇಲೆ ನಿಂತು ನೀರು ಹಾಕುತ್ತಿದ್ದಳು. ಎರಡು ಬೇಸಿಗೆ ಹಾಗೇ ಕಳೆದಿದ್ದೆವು. ಪಂಪಿಗೆ 250 ರೂಪಾಯಿ.

ಮರುದಿನ ಅಣ್ಣನ ಫೋನು: "ತಮ್ಮಾ, ಆ ಡಬ್ಬಿ ಎಷ್ಟಕ್ಕ ತಂದಿ?"