ಸಂಜೆಗೆ ಅಳಿಯುವ ರಂಗೋಲಿ

ಎಲ್ಲಕ್ಕೂ ಕೊನೆಯಿದೆ ಅನ್ನುವುದನ್ನು ದಿನಾ ನೆನಪಿಗೆ ತಂದುಕೊಳ್ಳಲು ನಾನು ಹಿಡಿದಿರುವ ದಾರಿ ಬಾಗಿಲ ರಂಗೋಲಿ. ಮೈಸೂರಿನ ಹಳೇ ಬೀದಿಗಳಲ್ಲಿ ಆರಕ್ಕೆ ಹಾಕಿದ್ದು ಎಂಟರೊಳಗೆ ಸ್ಕೂಟರ್ ಚಕ್ರಕ್ಕೆ ಸಿಕ್ಕಿರುತ್ತದೆ. ಸೂತಕದ ಮನೆ ಮುಂದೆ ರಂಗೋಲಿ ಇಲ್ಲ. ತಿಥಿಯ ದಿನ ಶ್ರಾದ್ಧ ಮುಗಿಯುವ ತನಕವೂ ಇಲ್ಲ. ಅಂದಮೇಲೆ ಹೊಸ್ತಿಲ ಮುಂದೆ ಎಳೆ ಕಂಡರೆ ಇವತ್ತು ಈ ಮನೆಯಲ್ಲಿ ಎಲ್ಲರೂ ಇದ್ದಾರೆ ಎಂದೇ ಅರ್ಥ. ಚುಕ್ಕಿ ಇಡುವ ಮುಂಚೆ ಅಷ್ಟು ಮಾತ್ರ ನೆನೆಯುತ್ತೇನೆ, ಮನೆಯವರ ಮುಖಗಳನ್ನು ಒಂದೊಂದಾಗಿ.

ಅಳತೆ 7ರಿಂದ 4ರವರೆಗೆ ಸಂದುಚುಕ್ಕಿ, ಅಂದರೆ ಒಂದು ಸಾಲಿನ ಎರಡು ಚುಕ್ಕಿಗಳ ಸಂದಿಗೆ ಮುಂದಿನ ಸಾಲಿನ ಚುಕ್ಕಿ. ನಡುವೆ 7, ಅದರ ಮೇಲೂ ಕೆಳಗೂ 6, 5, 4, ಒಟ್ಟು 37. ಹತ್ತು ನಿಮಿಷದ ಕೆಲಸ. ಗುಡಿಸಿ ನೀರು ಹಾಕಿದ ಮೇಲೆ ನೆಲದ ಹೊಳಪು ಆರಿ ಹಸಿ ಮಾತ್ರ ಉಳಿಯುವವರೆಗೆ ಕಾಯಬೇಕು. ನೀರು ನಿಂತಿದ್ದರೆ ಪುಡಿ ಕದಡಿ ಹರಡುತ್ತದೆ, ಪೂರ್ತಿ ಒಣಗಿದ್ದರೆ ಗಾಳಿಗೆ ಹೋಗುತ್ತದೆ. ಈ ಕಾಯುವಿಕೆಯೇ ಅಭ್ಯಾಸದ ಅರ್ಧ ಭಾಗ. ಆಗ ಮೊಬೈಲ್ ಹಿಡಿದರೆ ಮುಗಿಯಿತು.

ದೇವರಾಜ ಮಾರ್ಕೆಟ್‌ನಲ್ಲಿ ಪುಡಿ ಕೊಳ್ಳುವಾಗ ಬೆರಳಲ್ಲಿ ಉಜ್ಜಿ ನೋಡಿ. ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪಿದ್ದರೆ ಬೆರಳಿಗೇ ಅಂಟುತ್ತದೆ, ಎಳೆ ಕಡಿಯುತ್ತದೆ. ಜರಡಿ ಹಿಡಿದ ಸಣ್ಣ ಮರಳು ಸ್ವಲ್ಪ ಬೆರೆಸಿದರೆ ಸರಾಗವಾಗಿ ಇಳಿಯುತ್ತದೆ. ಅಕ್ಕಿಹಿಟ್ಟಾದರೆ ಇರುವೆಗಳೇ ಅಳಿಸಿಕೊಂಡು ಹೋಗುತ್ತವೆ. ನನಗೆ ಅದೇ ಇಷ್ಟ.

ತಪ್ಪುವುದು ಹೆಚ್ಚಾಗಿ ಹಾಕಿಯಾದ ಮೇಲೆ. ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಿದರೆ ಕಣ್ಣು ನೆಲ ಬಿಟ್ಟು ಎಷ್ಟು ಜನ ನೋಡಿದರು ಎಂಬ ಲೆಕ್ಕದ ಮೇಲೆ ಹೋಗುತ್ತದೆ. ತುಳಿಯದಂತೆ ಸುತ್ತ ಕಲ್ಲಿಟ್ಟು ಕಾಯುವುದು ಇನ್ನೊಂದು ರೋಗ; ಸಂಕ್ರಾಂತಿಗೆ ಬಣ್ಣ ತುಂಬಿದ ದೊಡ್ಡ ರಂಗೋಲಿಗೆ ಇದು ಬೇಗ ಅಂಟುತ್ತದೆ. ಬಣ್ಣದ ಮರಳಿನಲ್ಲಿ ದಿನಗಟ್ಟಲೆ ಮಂಡಲ ಬರೆದು, ಕೊನೆಗೆ ತಾವೇ ಗುಡಿಸಿ ಹರಿಯುವ ನೀರಿಗೆ ಬಿಡುವ ಟಿಬೆಟನ್ ಭಿಕ್ಷುಗಳ ಪದ್ಧತಿ ಇದಕ್ಕೆ ಮದ್ದು. ಪೇಂಟಿನಲ್ಲಿ ಬರೆಸಿದ ರಂಗೋಲಿ ವರ್ಷಗಟ್ಟಲೆ ಇರುತ್ತದೆ ನಿಜ, ಆದರೆ ವಾರ ಕಳೆದ ಮೇಲೆ ಅದನ್ನು ಯಾರೂ ನೋಡುವುದಿಲ್ಲ.

ಕೆಲವರಿಗೆ ಸಾವಿನ ಯೋಚನೆ ಬಂದು ಎದೆ ಭಾರವಾಗುತ್ತದೆ. ಆಗ ಯೋಚನೆ ಬಿಟ್ಟು ಚುಕ್ಕಿ ಎಣಿಸುವುದು ಒಳ್ಳೆಯದು. ಒಂದು ಚುಕ್ಕಿ ತಪ್ಪಿದರೂ ಕೊನೆಯ ಎಳೆ ಕೂಡುವುದಿಲ್ಲ, ಹಾಗಾಗಿ ಮನಸ್ಸು ತಾನಾಗಿ ಬೆರಳಿಗೆ ಮರಳುತ್ತದೆ.

ಮೋಡ ಕಟ್ಟಿದ್ದರೆ 37 ಬೇಡ, ನಾಲ್ಕೆಳೆ ಸಾಕು. ಮಳೆ ಬರುತ್ತದೆಂದು ಮಾತ್ರ ಬಿಡುವುದಿಲ್ಲ.